ಅರಿಶಿಣ ಹಚ್ಚಿದ ಕಾಗದವೂ ಜೆರಾಕ್ಸ್ ಮೆಷಿನ್ನೂ

ಶುಕ್ರವಾರದ ಬೆಳಗು ನಮ್ಮ ಮನೆಯಲ್ಲಿ ಉಳಿದ ದಿನಗಳಿಗಿಂತ ಸ್ವಲ್ಪ ಬೇಗ ಶುರುವಾಗುತ್ತದೆ. ಹೊಸಿಲು ತೊಳೆದು ಅರಿಶಿಣ ಕುಂಕುಮ ಇಡಬೇಕು. ನಲ್ಲಿಯಲ್ಲಿ ನೀರು ಬರುವ ದಿನವಾದರೆ ಬಿಂದಿಗೆಗಳನ್ನು ಸಾಲಾಗಿ ನಿಲ್ಲಿಸಬೇಕು, ಬಾರದ ದಿನವಾದರೆ ಯಾಕೆ ಬರಲಿಲ್ಲವೆಂದು ಪಕ್ಕದ ಮನೆಯವರನ್ನು ಕೇಳಿ, ಅವರಿಗೂ ಬಂದಿಲ್ಲವೆಂದು ತಿಳಿದು ಸಮಾಧಾನಪಟ್ಟುಕೊಳ್ಳಬೇಕು. ಅಂದು ನೀರು ಬಂತು. ಬಂಗಾರಪೇಟೆಯಲ್ಲಿ ಬಿತ್ತನೆ ಬೀಜದ ಅಂಗಡಿ ಇಟ್ಟುಕೊಂಡಿರುವ ನಮ್ಮವರು ಬೆಳಗಿನ ರೈಲು ಹಿಡಿಯಲು ಕೋರಮಂಡಲ್ ಸ್ಟೇಷನ್ನಿನ ಕಡೆಗೆ ಎಂದಿನಂತೆ ಅರ್ಧ ನಡಿಗೆ ಅರ್ಧ ಓಟದಲ್ಲಿ ಹೊರಟರು. ಐದನೇ ಕ್ಲಾಸಿನ ಮಗಳು ದೀಪು ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು ಇನ್ನೊಂದಕ್ಕಾಗಿ ಮನೆಯನ್ನೆಲ್ಲ ಜಾಲಾಡಿದಳು. ಅದು ಹಾಕಿಕೊಂಡಿದ್ದ ಸಾಕ್ಸಿನ ಒಳಗೇ ಮುದುರಿಕೊಂಡಿತ್ತು. ಇಷ್ಟು ಸರಾಗವಾಗಿ ಶುರುವಾದ ದಿನ ಸಂಜೆಯವರೆಗೂ ಸರಾಗವಾಗಿಯೇ ಹೋಗುತ್ತದೆಂದು ನಂಬುವುದು ನನ್ನ ಹಳೆಯ ಚಾಳಿ. ನಂಬಿಕೊಂಡು ಎರಡನೇ ಲೋಟ ಕಾಫಿ ಹಿಡಿದು ನಡುಮನೆಗೆ ಬಂದೆ. ಅಲ್ಲಿ ನಮ್ಮ ಅತ್ತೆ ಚಾಪೆಯ ಮೇಲೆ ಕಾಲು ಚಾಚಿ ಕುಳಿತು, ನಾನು ವಾರಗಟ್ಟಲೆ ಕೂತು ಮಾಡಿದ ಕಾಗದದ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು, ಒಂದೊಂದು ಹಾಳೆಯ ನಾಲ್ಕೂ ಮೂಲೆಗೆ ಒದ್ದೆ ಅರಿಶಿಣ ಹಚ್ಚುತ್ತಿದ್ದರು.

ಈ ಕಾಗದದ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಕ್ರಾಫ್ಟ್ ಕ್ಲಾಸಿಗೆ ಬರುತ್ತಿದ್ದ ಸಿಸ್ಟರ್ ನಮಗೆ ರೂಮಾಲಿನ ಅಂಚು ಹೊಲಿಯುವುದು, ತೂತಾದ ಸ್ವೆಟರಿಗೆ ಗೊತ್ತಾಗದಂತೆ ಉಣ್ಣೆ ಸೇರಿಸುವುದು, ರದ್ದಿಯಿಂದ ಹೊಸ ಕಾಗದ ಮಾಡುವುದು, ಎಲ್ಲವನ್ನೂ ಕಲಿಸಿದರು. ಥ್ಯಾಂಕ್ಯೂ, ಸಾರಿ, ಪ್ಲೀಸ್ ಎಂಬ ಮೂರನ್ನೂ ಉಸಿರಾಡುವಷ್ಟು ಸಲೀಸಾಗಿ ಹೇಳುವುದನ್ನು ಕಲಿಸಿದರು. ‘ಆಗಲ್ಲ’ ಎನ್ನುವುದನ್ನು ಮಾತ್ರ ಯಾವ ಸಿಸ್ಟರೂ ಕಲಿಸಲಿಲ್ಲ. ಆದ್ದರಿಂದ ಈ ವಯಸ್ಸಿನಲ್ಲೂ ಯಾರಾದರೂ ಏನಾದರೂ ಕೇಳಿದರೆ ನನ್ನ ತಲೆ ನನ್ನನ್ನು ಕೇಳದೆಯೇ ಆಡಿಬಿಡುತ್ತದೆ. ಹೀಗೆ ಆಡಿದ್ದರಿಂದಲೇ ನಮ್ಮ ಮನೆಯಲ್ಲಿ ಎರಡು ಬೆಕ್ಕು ಇವೆ, ಯಾರದೋ ಮದುವೆಗೆ ತಂದ ದೊಡ್ಡ ಹಂಡೆ ಇದೆ, ಒಂದು ತಿಂಗಳ ಮಟ್ಟಿಗೆಂದು ಪಕ್ಕದ ಬೀದಿಯವರು ಇಟ್ಟುಹೋದ ಹೊಲಿಗೆ ಯಂತ್ರ ಇದೆ.

ಬೇಸಿಗೆ ರಜದಲ್ಲಿ ದೀಪುವಿನ ಹಳೆಯ ನೋಟ್ಸುಗಳನ್ನು ರದ್ದಿಗೆ ಹಾಕಲು ಮನಸ್ಸಾಗದೆ ಹಾಳೆಗಳನ್ನು ಹರಿದು ನೀರಿನಲ್ಲಿ ನೆನೆಹಾಕಿದೆ. ಬೆಳಿಗ್ಗೆ ನೋಡಿದರೆ ಅತ್ತೆ ಅದನ್ನು ಇಡ್ಲಿ ಹಿಟ್ಟೆಂದು ತಿಳಿದು ಮುಚ್ಚಿಟ್ಟಿದ್ದರು. ಹಳೆಯ ಮಿಕ್ಸಿಯಲ್ಲಿ ಅದನ್ನು ನುಣ್ಣಗೆ ತಿರುವಿ, ಪೂಜೆಗೆ ತಂದು ಉಳಿದ ಚೆಂಡುಹೂವಿನ ಎಸಳು ಉದುರಿಸಿ, ಸೊಳ್ಳೆ ಪರದೆ ಬಿಗಿದ ಮರದ ಚೌಕಟ್ಟಿನಿಂದ ಎತ್ತಿ, ಹಳೇ ಸೀರೆಯ ಮೇಲೆ ಕವುಚಿ ಮಹಡಿಯ ಮೇಲೆ ಒಣಗಿಸಿದೆ. ಹಳೆಯ ಚಿನ್ನದ ಗಣಿಯ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಎದ್ದಾಗ ಊರಿನ ಎಲ್ಲರ ಒಗೆದ ಬಟ್ಟೆಗೂ ಬೀಳುವ ಬೂದುಬಣ್ಣದ ಸಣ್ಣ ಮರಳು ನನ್ನ ಕಾಗದದ ಮೇಲೂ ಬಿತ್ತು, ಒಣಗಿದ ಮೇಲೆ ಅಲ್ಲೇ ನಿಂತಿತು. ಗಣಿಯಿಂದ ತೆಗೆದು ಅರೆದು ಬಿಸಾಕಿದ ಮರಳು ತಾನೇ, ಅದರಲ್ಲಿ ಒಂದು ಚೂರು ಚಿನ್ನ ಉಳಿದಿದ್ದರೂ ಉಳಿದಿರಬಹುದು, ಜೋಪಾನವಾಗಿಟ್ಟುಕೋ ಎಂದು ನಮ್ಮವರು ಅಂದರು. ಒಟ್ಟಿನಲ್ಲಿ ಆ ಕಾಗದ ಒಂದು ಕಡೆ ದಪ್ಪ, ಒಂದು ಕಡೆ ತೆಳು, ಮುಟ್ಟಿದರೆ ರಾಗಿ ರೊಟ್ಟಿಯ ಹಾಗೆ ತರಿತರಿ. ನನಗೆ ಮಾತ್ರ ಅದು ಲೋಕದಲ್ಲೇ ಚೆಂದದ ಕಾಗದ. ದೀಪು ಅದರಲ್ಲಿ ಒಂದು ಕಾರ್ಡು ಮಾಡಿ ತನ್ನ ಹೆಡ್ ಮಿಸ್ಸಿಗೆ ಕೊಟ್ಟಳು. ಅವರು ಅದನ್ನು ಕೆನ್ನೆಗೆ ಒತ್ತಿಕೊಂಡು ನೋಡಿದರಂತೆ. ಆ ಕೆನ್ನೆಯಿಂದಲೇ ತೊಂದರೆ ಶುರುವಾಯಿತು.

ರಾಬರ್ಟ್‌ಸನ್‌ಪೇಟೆಯಲ್ಲಿರುವ ಆ ಶಾಲೆ ದೊಡ್ಡದೇನಲ್ಲ. ಈ ವರ್ಷ ಅಲ್ಲಿ ಶನಿವಾರವೊಂದನ್ನು ಗೊತ್ತುಮಾಡಿ ‘ಅಜ್ಜಿಯರ ದಿನ’ ನಡೆಸಬೇಕೆಂದು ಹೆಡ್ ಮಿಸ್ ನಿರ್ಧರಿಸಿದ್ದರು. ಮಕ್ಕಳ ಅಜ್ಜಿಯರೆಲ್ಲ ಬಂದು ತರಗತಿಯಲ್ಲಿ ಕೂತು, ತಮಗೆ ಗೊತ್ತಿರುವ ಒಂದು ಆಟವನ್ನೋ ಪದವನ್ನೋ ಹೇಳಿಕೊಡಬೇಕು. ಕರೆಯೋಲೆ ನನ್ನ ಕಾಗದದ ಮೇಲೆಯೇ ಆಗಬೇಕು, ಹೇಗೂ ಶಾಲೆಯಲ್ಲಿ ಹೊಸ ಜೆರಾಕ್ಸ್ ಮೆಷಿನ್ ಬಂದಿದೆ, ಹಾಳೆ ಮಾತ್ರ ನೀವು ಮಾಡಿಕೊಡಿ, ಅಕ್ಷರ ಅದು ಮೂಡಿಸುತ್ತದೆ ಎಂದರು. ನನ್ನ ತಲೆ ಆಡಿಬಿಟ್ಟಿತು.

ಈ ವಿಷಯ ಕೇಳಿ ನಮ್ಮ ಅತ್ತೆ ಮುನಿವೆಂಕಟಮ್ಮನವರು ಎರಡು ದಿನ ಎಂದಿನಂತೆ ತಮ್ಮ ಕೆಲಸದಲ್ಲೇ ಇದ್ದರು. ಕ್ಯಾಸಂಬಳ್ಳಿ ಹತ್ತಿರದ ಹಳ್ಳಿಯವರು ಅವರು. ಶಾಲೆ ಎಂಬುದರ ಒಳಗೆ ಕಾಲಿಟ್ಟವರಲ್ಲ. ಸಂಜೆ ದೀಪುವನ್ನು ಕರೆತರಲು ಎಷ್ಟೋ ಸಲ ಹೋಗುತ್ತಾರೆ, ಆದರೆ ಗೇಟಿನ ಆಚೆಯೇ, ಕಡಲೆಕಾಯಿ ಗಾಡಿಯ ನೆರಳಲ್ಲಿ ನಿಂತಿರುತ್ತಾರೆ. ಮಳೆ ಬಂದರೂ ಗೇಟು ದಾಟುವುದಿಲ್ಲ. ಒಳಗೆ ಬನ್ನಿ ಎಂದು ವಾಚ್‌ಮನ್ ಕರೆದರೂ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅಲ್ಲೇ. ಮೂರನೆಯ ದಿನ ರಾಗಿ ಕೇರುತ್ತ ತಾವಾಗಿಯೇ ಕೇಳಿದರು:

“ಅಮ್ಮಾಯಿ, ಆ ಪತ್ರಿಕೆ ನಂಗೂ ಬತ್ತದಾ?”

ನನ್ನನ್ನು ಅವರು ಕರೆಯುವುದು ಹಾಗೆಯೇ, ಅಮ್ಮಾಯಿ ಎಂದು. ಅವರಿಗೆ ತೆಲುಗೂ ಕನ್ನಡವೂ ಒಂದೇ ಮನೆಯ ಎರಡು ಕೋಣೆ. ಇದಕ್ಕೇಕೆ ಪತ್ರಿಕೆ ಅತ್ತೆ, ನಮ್ಮದೇ ಮಗು ಓದುವ ಸ್ಕೂಲು, ನಾನೇ ಕರಕೊಂಡು ಹೋಗ್ತೀನಿ ಅಂದೆ. ಅವರು ಮೊರವನ್ನು ಕೆಳಗಿಟ್ಟರು. “ಕರೀದೆ ಯಾವ ಮನೇಗೂ ಓಗೋಳಲ್ಲ ನಾನು. ಸ್ಕೂಲಿಂದ ಪತ್ರಿಕೆ ಬರ್ಲಿ, ಅರಿಶಿಣ ಅಚ್ಚಿರ್ಲಿ, ಮಗು ಕೈಯಾಗೆ ಕೊಟ್ಟು ಕಳಿಸ್ಲಿ. ಆಗ ಬತ್ತೀನಿ. ಇಲ್ದಿದ್ರೆ ಗೇಟೇ ನಂಗೆ ಸರಿ.”

ಅಂದಿನಿಂದ ನನಗೆ ಆ ಕಾರ್ಡುಗಳು ಬರೀ ಕಾರ್ಡುಗಳಾಗಿ ಉಳಿಯಲಿಲ್ಲ. ಶನಿವಾರದ ಕಾರ್ಯಕ್ರಮಕ್ಕೆ ಶುಕ್ರವಾರ ಸಂಜೆಯ ಗಂಟೆ ಹೊಡೆಯುವುದರೊಳಗೆ ಅವು ಮಕ್ಕಳ ಚೀಲ ಸೇರಬೇಕು. ಸೇರದಿದ್ದರೆ ಬೇರೆ ಅಜ್ಜಿಯರು ಬಾಯಿಮಾತಿಗೆ ಬಂದಾರು, ನಮ್ಮ ಅತ್ತೆ ಬರುವವರಲ್ಲ. ಅವರು ಗೇಟಿನ ಆಚೆ ನಿಂತಿರುವುದನ್ನು ಅಜ್ಜಿಯರ ದಿನವೇ ದೀಪು ಕಿಟಕಿಯಿಂದ ನೋಡುವ ಚಿತ್ರ ನನ್ನ ಕಣ್ಣಿಗೆ ಕಟ್ಟಿತು. ನಾನು ಮಿಕ್ಸಿಯನ್ನು ಇನ್ನೂ ಜೋರಾಗಿ ತಿರುಗಿಸಿದೆ.

ಕಾಗದವೇನೋ ಆಯಿತು. ಆದರೆ ಅದು ಮೆತ್ತಗಿತ್ತು, ಎತ್ತಿ ಹಿಡಿದರೆ ಬಾಡಿದ ಸೊಪ್ಪಿನ ಹಾಗೆ ತಲೆ ಬಾಗಿಸುತ್ತಿತ್ತು. ಮೆಷಿನ್ನಿನೊಳಗೆ ಹೋಗುವ ಕಾಗದ ಸೆಟೆದು ನಿಂತಿರಬೇಕಲ್ಲವೇ ಎಂದು ಯೋಚಿಸುತ್ತ ಕೂತಿದ್ದಾಗ ಹಗ್ಗದ ಮೇಲಿದ್ದ ನನ್ನ ಕಾಟನ್ ಸೀರೆ ಕಣ್ಣಿಗೆ ಬಿತ್ತು. ಗಂಜಿ. ಕಾನ್ವೆಂಟಿನಲ್ಲಿ ಗಂಜಿ ಹಾಕಿ ಇಸ್ತ್ರಿ ಮಾಡದ ಯೂನಿಫಾರಂ ತೊಟ್ಟು ಬಂದವರನ್ನು ಪ್ರೇಯರ್‌ನಲ್ಲಿ ಪಕ್ಕಕ್ಕೆ ನಿಲ್ಲಿಸುತ್ತಿದ್ದರು. ಅಂದಿನಿಂದ ಗಂಜಿಯಿಂದ ಸರಿಹೋಗದ ವಸ್ತು ಲೋಕದಲ್ಲಿಲ್ಲ ಎಂಬುದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ನಮ್ಮ ಮನೆಯಲ್ಲಿ ಮುದ್ದೆಯದೇ ಕಾರುಬಾರು, ಅನ್ನವೂ ಕುಕ್ಕರಿನಲ್ಲಿ, ಗಂಜಿ ಎಲ್ಲಿಂದ ಬರಬೇಕು. ಪಕ್ಕದ ಮನೆಯ ಸೆಲ್ವಿ ಅಕ್ಕ ಮಾತ್ರ ಇಂದಿಗೂ ಪಾತ್ರೆಯಲ್ಲಿ ಅನ್ನ ಮಾಡಿ ಬಸಿಯುವವರು. ಅವರ ಮೊಮ್ಮಗಳೂ ಅದೇ ಶಾಲೆಯಲ್ಲಿ ಮೂರನೇ ಕ್ಲಾಸು. ಕಾಂಪೌಂಡಿನ ಮೇಲಿಂದ ಪಾತ್ರೆ ಚಾಚಿದಾಗ ಸೀರೆಗಾ ಎಂದು ಕೇಳಿದರು. ಕಾಗದಕ್ಕೆ ಎಂದೆ. ಅವರು ನನ್ನನ್ನೊಮ್ಮೆ, ಪಾತ್ರೆಯನ್ನೊಮ್ಮೆ ನೋಡಿ ಬಗ್ಗಿಸಿಕೊಟ್ಟರು. ಹಾಳೆಗಳನ್ನು ಗಂಜಿಯಲ್ಲಿ ಅದ್ದಿ, ಒಣಗಿಸಿ, ಮೇಲೊಂದು ಬಟ್ಟೆ ಹಾಸಿ ಇಸ್ತ್ರಿ ಮಾಡಿದೆ. ಬೆರಳಿನಿಂದ ಮೀಟಿದರೆ ಟಣ್ ಎನ್ನುವಂತಾಯಿತು. ಸಿಸ್ಟರ್ ನೋಡಿದ್ದರೆ ಪ್ರೇಯರ್‌ನಲ್ಲಿ ಮುಂದಿನ ಸಾಲಿಗೆ ಕರೆಯುತ್ತಿದ್ದರು.

ಈಗ ಮತ್ತೆ ಆ ಶುಕ್ರವಾರಕ್ಕೆ ಬರೋಣ. ಅತ್ತೆ ಅರಿಶಿಣ ಹಚ್ಚುತ್ತಿದ್ದಾರೆ, ನಾನು ಕಾಫಿ ಲೋಟ ಹಿಡಿದು ನಿಂತಿದ್ದೇನೆ. ಇನ್ನೂ ಅಕ್ಷರವೇ ಮೂಡಿಲ್ಲ ಅತ್ತೆ, ಪ್ರಿಂಟ್ ಆದ ಮೇಲೆ ಹಚ್ಚಬಹುದಿತ್ತು ಅಂದೆ, ನನಗೇ ಕೇಳಿಸದಷ್ಟು ಮೆಲ್ಲಗೆ. ಆಮೇಲೆ ರಾಹುಕಾಲ ಬಂದುಬಿಡುತ್ತದೆ, ಅದಕ್ಕೆ ಮುಂಚೆ ಹಚ್ಚಬೇಕು ಎಂದರು. ಅದಲ್ಲದೆ ಹಚ್ಚದ ಪತ್ರಿಕೆಯನ್ನು ಹಾಗೇ ಮನೆಯಿಂದ ಆಚೆ ಕಳಿಸಿದರೆ ನೋಡಿದವರು ಯಾರೋ ತೀರಿಹೋದರು, ಇದು ತಿಥಿಯ ಕಾರ್ಡು ಎಂದು ತಿಳಿಯುವುದಿಲ್ಲವೇ ಎಂದು ಕೇಳಿದರು. ಅವರು ಹೇಳಿದ್ದು ನಿಜವೇ. ನಮ್ಮ ಕಡೆ ಅರಿಶಿಣವಿಲ್ಲದ ಕಾರ್ಡು ಕೈಗೆ ಬಂದರೆ ಓದುವುದಕ್ಕೆ ಮುಂಚೆಯೇ ಎದೆ ಧಸಕ್ ಎನ್ನುತ್ತದೆ. ಅಲ್ಲದೆ ಅಷ್ಟು ಹೊತ್ತಿಗೆ ಮುಕ್ಕಾಲು ಕಟ್ಟು ಮುಗಿದಿತ್ತು. ಅವರ ಬೆರಳು ಎಷ್ಟು ಹದವಾಗಿ ಒತ್ತುತ್ತಿತ್ತೆಂದರೆ ನಾಲ್ಕು ಮೂಲೆಯ ನಾಲ್ಕು ಬೊಟ್ಟೂ ಒಂದೇ ಅಚ್ಚು. ತಮಗೇ ಬರಬೇಕಾದ ಪತ್ರಿಕೆಗೆ ತಾವೇ ಅರಿಶಿಣ ಹಚ್ಚುವುದರಲ್ಲಿ ಅವರಿಗೆ ಯಾವ ವಿಚಿತ್ರವೂ ಕಾಣಲಿಲ್ಲ. ಹಚ್ಚುವುದು ಬೇರೆ, ಬರುವುದು ಬೇರೆ. ನಾನು ಲೋಟ ಕೆಳಗಿಟ್ಟು, ಉಳಿದ ಕಾಲು ಕಟ್ಟಿಗೆ ಕುಳಿತು ನಾನೂ ಹಚ್ಚಿದೆ.

ಆಟೋದಲ್ಲಿ ಕಟ್ಟನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಶಾಲೆಗೆ ಹೋದೆ. ಆಫೀಸಿನಲ್ಲಿ ಕ್ಲರ್ಕ್ ಪುಷ್ಪಾ ಇದ್ದರು. ಆ ಜೆರಾಕ್ಸ್ ಮೆಷಿನ್ನಿಗೆ ಲೆಕ್ಕಪ್ರಕಾರ ಯಜಮಾನರು ಶಾಲೆಯವರಾದರೂ ತಾಯಿ ಪುಷ್ಪಾ. ಅದಕ್ಕೆ ಕ್ರೋಶಾದಲ್ಲಿ ಹೆಣೆದ ಹೊದಿಕೆ ಇದೆ, ಆಯುಧಪೂಜೆಯಲ್ಲಿ ಇಟ್ಟ ಕುಂಕುಮ ಇನ್ನೂ ಹಣೆಯ ಮೇಲಿದೆ, ಪಕ್ಕದಲ್ಲಿ ಯಾರೂ ಟೀ ಲೋಟ ಇಡುವಂತಿಲ್ಲ. ಸೋಮವಾರದಿಂದ ಕಿರುಪರೀಕ್ಷೆ, ಪ್ರಶ್ನೆಪತ್ರಿಕೆಯೆಲ್ಲ ಇದರಲ್ಲೇ ಆಗಬೇಕು, ಸ್ವಲ್ಪ ಹುಷಾರಾಗಿ ಮಾಡೋಣ ಎಂದು ಬಾಗಿಲಲ್ಲೇ ಹೇಳಿದರು. ಆಮೇಲೆ ನನ್ನ ಕಾಗದವನ್ನು ಮುಟ್ಟಿದರು. ಮುಟ್ಟಿದ ಬೆರಳನ್ನು ನೋಡಿಕೊಂಡರು.

“ಮೇಡಂ, ಇದು ಪೇಪರ್ರಾ, ನಿಪ್ಪಟ್ಟಾ?”

ನಗುತ್ತಲೇ ಕೇಳಿದರು. ಒಳಗೆ ಒಂದೊಂದೇ ಕೊಡೋಣ, ಮೆಷಿನ್ನಿನ ಪಕ್ಕದಲ್ಲಿ ದಪ್ಪ ಹಾಳೆ ಹಾಕಲು ಒಂದು ತಟ್ಟೆಯೇ ಇದೆ ಎಂದು ಅದನ್ನು ಬಿಚ್ಚಿದರು. ಗಾಜಿನ ಮೇಲೆ ಹೆಡ್ ಮಿಸ್ ಮುದ್ದಾಗಿ ಬರೆದುಕೊಟ್ಟಿದ್ದ ಒಕ್ಕಣೆ ಇಟ್ಟರು. ‘ಮಾನ್ಯ ಅಜ್ಜಿಯವರೇ’ ಎಂದು ಶುರುವಾಗಿ ‘ತಮ್ಮ ಆಗಮನಾಭಿಲಾಷಿಗಳು’ ಎಂದು ಮುಗಿಯುವ ಒಕ್ಕಣೆ. ಮೊದಲ ಹಾಳೆ ಒಂದು ಕಡೆಯಿಂದ ಒಳಗೆ ಹೋಯಿತು. ಮೆಷಿನ್ನಿನ ಹೊಟ್ಟೆಯಲ್ಲಿ ಏನೋ ಗುಡುಗುಡು ಎಂದಿತು. ಇನ್ನೊಂದು ಕಡೆಯಿಂದ ಬೆಚ್ಚಗೆ ಹೊರಬಂತು. ಚೆಂಡುಹೂವಿನ ಎಸಳಿನ ಮೇಲೆ ಕಪ್ಪು ಅಕ್ಷರ, ಮೂಲೆಯಲ್ಲಿ ಅರಿಶಿಣ. ನಿಜ ಹೇಳುತ್ತೇನೆ, ನನ್ನ ಮದುವೆಯ ಪತ್ರಿಕೆ ನೋಡಿದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಪುಷ್ಪಾ ಕೂಡ ಪರವಾಗಿಲ್ಲವೇ ಎನ್ನುವ ಹಾಗೆ ಹುಬ್ಬೇರಿಸಿದರು. ಎರಡನೆಯದೂ ಬಂತು. ಆಮೇಲೆ ಇನ್ನಷ್ಟು ಬಂದವು. ನಾವಿಬ್ಬರೂ ಬಾಣಂತಿಯ ಕೋಣೆಯ ಹೊರಗಿನವರ ಹಾಗೆ ಒಂದೊಂದನ್ನೂ ಎತ್ತಿ ನೋಡಿ ಮೆಚ್ಚಿಕೊಂಡೆವು.

ಆಮೇಲೆ ಒಂದು ವಾಸನೆ ಬಂತು. ಕೆಟ್ಟ ವಾಸನೆಯಲ್ಲ, ಅದೇ ತಮಾಷೆ. ಒಳಗಿನ ಬಿಸಿ ಉರುಳೆಗೆ ಸೆಲ್ವಿ ಅಕ್ಕನ ಗಂಜಿ ತಾಕಿ, ಕೆಂಡದ ಮೇಲೆ ಅಕ್ಕಿ ಹಪ್ಪಳ ಸುಟ್ಟ ಹಾಗೆ ಘಮ್ಮೆಂದಿತು. ಪಕ್ಕದ ಸ್ಟಾಫ್ ರೂಮಿನಿಂದ ಹಿಂದಿ ಮಿಸ್ ಇಣುಕಿ ಯಾರ ಡಬ್ಬಿ ಇಷ್ಟು ಬೇಗ ತೆರೆದಿದ್ದೀರಿ ಎಂದು ಕೇಳಿ ಹೋದರು. ನಾನು ಅವರಿಗೆ ಮುಗುಳ್ನಕ್ಕು ತಿರುಗುವಷ್ಟರಲ್ಲಿ ಮೆಷಿನ್ನು ಕರಕರ ಎಂದು ಅಗಿದು, ಒಂದು ಸಲ ಬಿಕ್ಕಿ, ನಿಂತುಹೋಯಿತು. ಎಲ್ಲೋ ಒಂದು ಕೆಂಪು ದೀಪ ಹತ್ತಿಕೊಂಡಿತು. ಪುಷ್ಪಾ ಅದರ ಪಕ್ಕೆಯ ಬಾಗಿಲು ತೆರೆದರು. ನನ್ನ ಕಾಗದ ಅಲ್ಲಿ ಹಾರ್ಮೋನಿಯಂ ತಿದಿಯ ಹಾಗೆ ಮಡಿಚಿಕೊಂಡು ಕೂತಿತ್ತು. ಸುತ್ತಲೂ ಹೂವಿನ ಎಸಳು ಉದುರಿದ್ದವು. ಒಳಗೆಲ್ಲ ಅಲ್ಲಲ್ಲಿ ಅರಿಶಿಣ. ಒಂದು ಊದುಬತ್ತಿ ಸಿಕ್ಕಿಸಿದ್ದರೆ ಅದನ್ನು ಮೆಷಿನ್ನು ಎಂದು ಯಾರೂ ಹೇಳುತ್ತಿರಲಿಲ್ಲ, ಗುಡಿ ಎಂದು ಕೈ ಮುಗಿಯುತ್ತಿದ್ದರು.

ಪುಷ್ಪಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಆ ಕ್ರೋಶಾ ಹೊದಿಕೆಯನ್ನು ಮಡಿಚಿ ಎದೆಗೊತ್ತಿಕೊಂಡು ನಿಂತರು. ಆಮೇಲೆ ಬಂಗಾರಪೇಟೆಯ ಮೆಕ್ಯಾನಿಕ್ಕಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಆತ ಎಲ್ಲೋ ರೈಲ್ವೆ ಗೇಟಿನಲ್ಲಿ ಸಿಕ್ಕಿಕೊಂಡಿದ್ದ. ಹಿಂದೆ ಬೈಕುಗಳ ಹಾರನ್ನು. ಯಾವ ಪೇಪರ್ ಹಾಕಿದ್ರಿ ಮೇಡಂ ಎಂದು ಕೇಳಿದ.

“ಮನೇಲಿ ಮಾಡಿದ್ದು ಸರ್. ಹೂವು ಹಾಕಿರೋದು.”

“ಹೂವು ಅಂದ್ರೆ, ಹೂವಿನ ಡಿಸೈನಾ?”

“ಹೂವೇ ಸರ್. ಚೆಂಡುಹೂವು. ಮೇಲೆ ಗಂಜಿ ಹಾಕಿ ಇಸ್ತ್ರಿ ಮಾಡಿದಾರೆ. ಅರಿಶಿಣ ಹಚ್ಚಿದಾರೆ.”

ಆ ಕಡೆ ರೈಲು ಹೋಗುವ ಸದ್ದು ಮಾತ್ರ ಕೇಳಿಸಿತು. ರೈಲೆಲ್ಲ ದಾಟಿದ ಮೇಲೆ ಆತ ಸಮಾಧಾನದ ದನಿಯಲ್ಲಿ, ಕುಂಕುಮ ಏನಾದರೂ ಇದೆಯಾ ಎಂದು ಕೇಳಿದ. ಇಲ್ಲವೆಂದೆವು. ಹಾಗಾದರೆ ಬಚಾವು, ಸ್ವಿಚ್ಚು ಆರಿಸಿ ಅದು ಆರುವವರೆಗೆ ಕಾಯಿರಿ, ಪಿನ್ನು ಚಾಕು ಏನೂ ಹಾಕಬೇಡಿ, ಕೈಯಲ್ಲೇ ಮೆಲ್ಲಗೆ ಬಿಡಿಸಿ ಒಣಬಟ್ಟೆಯಲ್ಲಿ ಒರೆಸಿ, ನಾನು ಭಾನುವಾರ ಬಂದು ಪೂರ್ತಿ ಬಿಚ್ಚಿ ನೋಡ್ತೀನಿ ಅಂದ. ಫೋನಿಡುವ ಮೊದಲು, ಇಷ್ಟು ವರ್ಷದ ಸರ್ವಿಸಿನಲ್ಲಿ ಇಲಿ ಸಿಕ್ಕಿದೆ, ಹಲ್ಲಿ ಸಿಕ್ಕಿದೆ, ಹೂವು ಇದೇ ಮೊದಲು ಎಂದು ತನಗೆ ತಾನೇ ಹೇಳಿಕೊಂಡ.

ನಾವಿಬ್ಬರೂ ನೆಲದ ಮೇಲೆ ಕುಳಿತೆವು. ರೂಮಾಲಿನ ಅಂಚು ಹೊಲಿದ ನನ್ನ ಬೆರಳುಗಳು ಅಂದು ಎಸಳುಗಳನ್ನು ಒಂದೊಂದಾಗಿ ಆರಿಸಿ ತೆಗೆದವು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಪುಷ್ಪಾ ಉರುಳೆ ಒರೆಸಿದರು. ಕೂತು ಕೆಲಸ ಮಾಡುವಾಗ ಎರಡು ಹೆಂಗಸರು ಸುಮ್ಮನಿರಲು ಸಾಧ್ಯವಿಲ್ಲ. ಆದ್ದರಿಂದ ಎಸಳು ಮುಗಿಯುವ ಹೊತ್ತಿಗೆ ಅವರ ತಂಗಿಯ ಮದುವೆ ಮಾತುಕತೆ, ನನ್ನ ಮೊಣಕಾಲು ನೋವು, ಕ್ರೋಶಾದಲ್ಲಿ ಮೂಲೆ ತಿರುಗಿಸುವ ಬಗೆ, ಎಲ್ಲವೂ ಮುಗಿದು ನಾವು ಗೆಳತಿಯರಾಗಿದ್ದೆವು. ಗೆಳೆತನವೇನೋ ಆಯಿತು, ಕಾರ್ಡು? ಮಧ್ಯಾಹ್ನದ ಊಟದ ಗಂಟೆ ಹೊಡೆದೇ ಹೋಯಿತು. ಬೆರಳೆಣಿಕೆಯ ಕಾರ್ಡುಗಳು ಮೇಜಿನ ಮೇಲಿದ್ದವು, ಉಳಿದ ಕಟ್ಟೆಲ್ಲ ಅಕ್ಷರವಿಲ್ಲದೆ, ಅರಿಶಿಣ ಮಾತ್ರ ಹಚ್ಚಿಸಿಕೊಂಡು, ಮದುಮಗನೇ ಗೊತ್ತಾಗದ ಮದುವೆಯ ಹಾಗೆ ಕಾದಿತ್ತು. ಆ ಬೆರಳೆಣಿಕೆಯಲ್ಲಿ ಒಂದನ್ನು ಎತ್ತಿ ದೀಪುವಿನ ಚೀಲಕ್ಕೆ ಹಾಕಿಬಿಡಲೇ ಎಂದು ನನಗೆ ಅನ್ನಿಸದೆ ಇರಲಿಲ್ಲ. ಕೈ ಚಾಚಿಯೂ ಆಗಿತ್ತು. ಆದರೆ ಅತ್ತೆ ಮಾರನೆಯ ದಿನ ಬಂದು, ಬೇರೆ ಯಾರ ಕೈಯಲ್ಲೂ ಪತ್ರಿಕೆಯಿಲ್ಲದ್ದನ್ನು ನೋಡಿದರೆ, ಇದು ಮನೆಯಲ್ಲಿ ಮಾಡಿಕೊಂಡ ಪತ್ರಿಕೆ ಎಂದು ಅಲ್ಲಿಂದಲೇ ಹಿಂದಿರುಗುವರು. ಕೈ ಹಿಂತೆಗೆದುಕೊಂಡೆ.

ಮೆಷಿನ್ನು ಸರಿಹೋಯಿತೇ ಎಂದು ನೋಡಲು ಪುಷ್ಪಾ ಬಿಳೀ ಕಾಗದ ಹಾಕಿ, ಅಂದೇ ಮನೆಮನೆಗೆ ಹೋಗಬೇಕಾಗಿದ್ದ ಇನ್ನೊಂದು ನೋಟೀಸನ್ನು ಓಡಿಸಿದರು. ಅದು ಹೇನಿನ ನೋಟೀಸು. ‘ಮಕ್ಕಳ ತಲೆಯಲ್ಲಿ ಹೇನು ಕಂಡುಬಂದಿದ್ದು, ಪೋಷಕರು ಈ ವಾರಾಂತ್ಯದಲ್ಲಿ ತಪ್ಪದೆ ಬಾಚಿ ಕಳಿಸತಕ್ಕದ್ದು’ ಎಂದು. ಮೆಷಿನ್ನು ಓಡಿತು. ಸೊಗಸಾಗಿ ಓಡಿತು. ಪುಷ್ಪಾ ದೇವರಿಗೆ ಕೈ ಮುಗಿದು ಹಾಳೆಗಳನ್ನು ಎತ್ತಿಕೊಂಡರು, ಎತ್ತಿಕೊಂಡವರು ಹಾಗೆಯೇ ನಿಂತರು. ಒರೆಸಿದರೂ ಉರುಳೆಯ ಮೇಲೆ ಉಳಿದಿದ್ದ ಅತ್ತೆಯ ಅರಿಶಿಣ ಪ್ರತಿಯೊಂದು ಹೇನಿನ ನೋಟೀಸಿನ ನಾಲ್ಕೂ ಮೂಲೆಯಲ್ಲಿ ದುಂಡಗೆ ಮೂಡಿತ್ತು. ನನ್ನ ಒರಟು ಕಾಗದದಲ್ಲಿ ಇಂಗಿ ಮಂಕಾಗಿದ್ದ ಬಣ್ಣ ಆ ಬಿಳುಪಿನ ಮೇಲೆ ಏನು ಕಳೆಗಟ್ಟಿತ್ತು ಅಂತೀರಿ.

ಅಷ್ಟರಲ್ಲಿ ಹೆಡ್ ಮಿಸ್ ಬಂದರು. ನೋಟೀಸನ್ನು ನೋಡಿದರು, ಮೆಷಿನ್ನನ್ನು ನೋಡಿದರು, ನೆಲದ ಮೇಲೆ ಕುಳಿತಿದ್ದ ನನ್ನನ್ನು ನೋಡಿದರು. ನಾನು ಸಾರಿ ಮಿಸ್ ಎಂದೆ, ಐದನೇ ಕ್ಲಾಸಿನ ಹುಡುಗಿಯ ದನಿಯಲ್ಲಿ. ಅವರಿಗೆ ನಗು ಬರುತ್ತಿತ್ತು, ಆದರೆ ಹೆಡ್ ಮಿಸ್ಸಾದವರು ನಗುವುದನ್ನು ಮುಂದಕ್ಕೆ ಹಾಕಬೇಕಾಗುತ್ತದೆ. ಕಾಗದ ದಂಡ ಮಾಡುವುದು ಬೇಡ, ನೋಟೀಸು ಹಾಗೇ ಹಂಚಿ, ಓದುವವರು ಅಕ್ಷರ ಓದಿಕೊಳ್ಳಲಿ ಅಂದರು. ಇನ್ನು ಮುಂದೆ ಈ ಮೆಷಿನ್ನಿಗೆ ಅಂಗಡಿಯ ಬಿಳೀ ಕಾಗದ ಬಿಟ್ಟು ಬೇರೇನೂ ಇಲ್ಲ ಎಂದೂ ಅಂದರು. ಕಾರ್ಡಿನ ಬಗ್ಗೆ ಮಾತ್ರ ಏನೂ ಹೇಳದೆ ನನ್ನ ಕಟ್ಟಿನಿಂದ ಒಂದು ಹಾಳೆ ಎತ್ತಿ ಮತ್ತೆ ಕೆನ್ನೆಗೆ ಒತ್ತಿಕೊಂಡರು. ಆ ಕೆನ್ನೆಗೆ ಇನ್ನೂ ಬುದ್ಧಿ ಬಂದಿರಲಿಲ್ಲ.

ನಾನು ಏನಾದರೂ ಮಾಡಬೇಕಲ್ಲ ಎಂದು ಮೇಜಿನ ಮೇಲಿದ್ದ ಪೆನ್ನೆತ್ತಿ ಒಂದು ಹಾಳೆಯ ಮೇಲೆ ‘ಅಜ್ಜಿ’ ಎಂದು ಬರೆದೆ. ಮನೆಯಲ್ಲಿ ಮೊದಲ ಸಲ ಈ ಕಾಗದದ ಮೇಲೆ ಬರೆದಾಗ ಶಾಯಿ ಒಡೆದು ಅಕ್ಷರವೆಲ್ಲ ಕಂಬಳಿಹುಳುವಾಗಿತ್ತು. ಈಗ ಹಾಗಾಗಲಿಲ್ಲ. ಸೆಲ್ವಿ ಅಕ್ಕನ ಗಂಜಿ ಕುಡಿದ ಕಾಗದ ಶಾಯಿಯನ್ನು ಎಲ್ಲಿ ಇಟ್ಟೆನೋ ಅಲ್ಲೇ ಹಿಡಿದು ನಿಲ್ಲಿಸಿತು. ಕಾಪಿ ಪುಸ್ತಕದಲ್ಲಿ ಬರೆದ ಹಾಗೆ ಅಕ್ಷರ ಅಂಚು ಸಮೇತ ಎದ್ದು ಕೂತಿತು. ನಾನು ಆ ಹಾಳೆಯನ್ನು ಹೆಡ್ ಮಿಸ್ಸಿಗೆ ತೋರಿಸಿದೆ. ಅವರು ತಾವೇ ಕಟ್ಟನ್ನು ಎತ್ತಿಕೊಂಡು ಹೊರಟರು. ಕೊನೆಯ ಪಿರಿಯಡ್ಡನ್ನು ಎಲ್ಲ ಕ್ಲಾಸುಗಳಲ್ಲೂ ಅಜ್ಜಿಗೆ ಪತ್ರ ಬರೆಯಲು ಬಿಟ್ಟರು. ಆ ಮೆಷಿನ್ನಿನ ಕಾರ್ಡುಗಳನ್ನು ಇನ್ನೂ ಬರೆಯಲು ಬಾರದ ಪುಟ್ಟ ಮಕ್ಕಳಿಗೆ ಕೊಟ್ಟರು. ಮೊದಲೇ ಹೀಗೆ ಮಾಡಬಹುದಿತ್ತಲ್ಲ ಎಂದು ನಿಮಗೆ ಅನ್ನಿಸುತ್ತಿರಬಹುದು. ನಮಗೂ ಅನ್ನಿಸಿತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ನಾನೂ ಅವರ ಜೊತೆ ಹಾಳೆ ಹಂಚಿ ವರಾಂಡದಲ್ಲಿ ಹಿಂದಿರುಗುವಾಗ ಕಿಟಕಿಗಳಿಂದ ಕಂಡಷ್ಟು ಓದಿದೆ. ‘ಮಾನ್ಯ ಅಜ್ಜಿಯವರೇ’ ಎಂದು ಯಾವ ಮಗುವೂ ಬರೆದಿರಲಿಲ್ಲ. ‘ಪಾಟಿ’ ಎಂದು ಒಬ್ಬಳು, ‘ಜೇಜಿ’ ಎಂದು ಒಬ್ಬ, ‘ದಾದಿ’ ಎಂದು ಇನ್ನೊಬ್ಬಳು, ಸುಮ್ಮನೆ ‘ಏ ಅವ್ವ’ ಎಂದು ಮತ್ತೊಬ್ಬ. ಹೊಸ ಸೀರೆ ಉಟ್ಟುಕೊಂಡು ಬಾ, ಆದರೆ ಕ್ಲಾಸಿನಲ್ಲಿ ಎಲೆಅಡಿಕೆ ಹಾಕಬೇಡ ಎಂದು ಒಂದು ಪತ್ರ. ಬರುವಾಗ ಚಕ್ಕುಲಿ ತಾ, ಬೆಂಚಿಗೆ ಸಾಕಾಗುವಷ್ಟು ತಾ ಎಂದು ಇನ್ನೊಂದು. ಒಬ್ಬ ಹುಡುಗ ಮಾತ್ರ ಪೆನ್ಸಿಲ್ ಕಚ್ಚುತ್ತ, ನನ್ನ ಮಾರ್ಕ್ಸ್ ಬಗ್ಗೆ ಮಿಸ್ ಏನಾದರೂ ಹೇಳಿದರೆ ಮನೆಯಲ್ಲಿ ಹೇಳಬೇಡ ಎಂದು ಬರೆಯುತ್ತಿದ್ದ. ದೀಪು ನನ್ನನ್ನು ಕಂಡು ತನ್ನ ಹಾಳೆಯನ್ನು ಕೈಯಿಂದ ಮುಚ್ಚಿಕೊಂಡಳು. ಅವಳ ಅಕ್ಷರದ ಒಂದು ಬಾಲವೂ ನನಗೆ ಕಾಣಲಿಲ್ಲ.

ಗಂಟೆ ಹೊಡೆಯಿತು. ಅತ್ತೆ ಗೇಟಿನ ಆಚೆ, ಕಡಲೆಕಾಯಿ ಗಾಡಿಯ ನೆರಳಲ್ಲಿ, ನಿಂತಿದ್ದರು. ನಾನು ಒಳಗಿನಿಂದ ಬರುತ್ತಿರುವುದನ್ನು ನೋಡಿಯೂ ನೋಡದವರ ಹಾಗೆ ಮಗುವಿನ ಚೀಲವನ್ನೇ ನೋಡಿದರು. ದೀಪು ಎರಡೂ ಕೈಯಲ್ಲಿ ಹಿಡಿದು ಪತ್ರಿಕೆ ಕೊಟ್ಟಳು. ಅತ್ತೆ ಮೊದಲು ನಾಲ್ಕೂ ಮೂಲೆ ನೋಡಿದರು. ತಮ್ಮದೇ ಬೆರಳಿನ ಗುರುತು ಅದು, ಆದರೂ ಬೇರೆ ಮನೆಯಿಂದ ಬಂದ ಅರಿಶಿಣದ ಹಾಗೆ ಕಣ್ಣಿಗೊತ್ತಿಕೊಂಡರು. ಆಮೇಲೆ ಓದು ಎಂದರು. ದೀಪು ಕಡಲೆಕಾಯಿ ಗಾಡಿಯವನಿಗೂ ಕೇಳಿಸುವಂತೆ ಓದಿದಳು:

“ಅವ್ವಾ, ನಾಳೆ ನಮ್ಮ ಸ್ಕೂಲಿಗೆ ಬಾ. ಗೇಟಲ್ಲಿ ನಿಂತ್ಕೋಬೇಡ. ನನ್ನ ಬೆಂಚಲ್ಲಿ ಕೂತ್ಕೋ.”

ಇನ್ನೊಂದು ಸಲ ಓದಿಸಿದರು. ಆಮೇಲೆ ಪತ್ರಿಕೆಯನ್ನು ಸೆರಗಿನೊಳಗೆ ಇಟ್ಟುಕೊಂಡು, ಬೆಂಚು ಗಟ್ಟಿಗವ್ಯಾ ಎಂದಷ್ಟೇ ಕೇಳಿದರು. ಗಟ್ಟಿಯಾಗಿದೆ ಎಂದು ದೀಪು ಹೇಳಿದಳು. ಮನೆಗೆ ಬರಲು ಆಟೋ ಹತ್ತಿದೆವು. ಅತ್ತೆ ಸಂತೋಷದಲ್ಲಿದ್ದಾರೆಂದು ನನಗೆ ಗೊತ್ತಾಗುವುದು ಹೇಗೆಂದರೆ, ಅಂಥ ಹೊತ್ತಿನಲ್ಲಿ ಅವರು ತಮ್ಮ ಬಳೆಗಳನ್ನು ಮೊಣಕೈ ಕಡೆಗೆ ಸರಿಸುತ್ತ, ಮತ್ತೆ ಬಿಡುತ್ತ ಇರುತ್ತಾರೆ. ಆಟೋದ ಸದ್ದಿನಲ್ಲೂ ಬಳೆಯ ಸದ್ದು ಕೇಳಿಸುತ್ತಿತ್ತು.

ಮನೆಗೆ ಬಂದು ಪತ್ರಿಕೆಯನ್ನು ದೇವರ ಪಟಕ್ಕೆ ಒರಗಿಸಿಟ್ಟು, ಟ್ರಂಕಿನಿಂದ ತಮ್ಮ ನೀಲಿ ಅಂಚಿನ ಕಾಟನ್ ಸೀರೆ ತೆಗೆದು ನನ್ನ ಮುಂದೆ ಹಿಡಿದರು. ಮಕ್ಕಳ ಮುಂದೆ ಮುದುರಿದ ಸೀರೆಯಲ್ಲಿ ಹೋಗುವುದಕ್ಕಾಗುವುದಿಲ್ಲ, ಗಂಜಿ ಹಾಕಿಕೊಡು ಎಂದರು. ನನ್ನ ತಲೆ ಎಂದಿನಂತೆ ಆಡಿತು. ಪಾತ್ರೆ ಹಿಡಿದು ಕಾಂಪೌಂಡಿನ ಹತ್ತಿರ ಹೋದೆ. ದಿನವಿಡೀ ಏನಾಯಿತೆಂದು ಸೆಲ್ವಿ ಅಕ್ಕನಿಗೆ ಗೊತ್ತಿರಲಾರದು, ಗೊತ್ತುಮಾಡುವುದೂ ಬೇಡ, ಕಾರ್ಡು ಚೆನ್ನಾಗಿ ಬಂತು ಎಂದಷ್ಟೇ ಹೇಳಿ, ನಿಮ್ಮ ಗಂಜಿಯಿಂದಲೇ ಎಂದು ಸೇರಿಸಿದರೆ ಅವರಿಗೂ ಖುಷಿಯ ಮಾತಾಗುತ್ತದೆ, ಅದರಲ್ಲಿ ಸುಳ್ಳೂ ಇಲ್ಲ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಅವರು ಮೆಟ್ಟಿಲ ಮೇಲೆ ಕೂತು, ಮೊಮ್ಮಗಳನ್ನು ಮೊಣಕಾಲಿನ ನಡುವೆ ಗಟ್ಟಿಯಾಗಿ ಹಿಡಿದು, ಸಣ್ಣ ಹಲ್ಲಿನ ಬಾಚಣಿಗೆಯಿಂದ ಅವಳ ತಲೆ ಬಾಚುತ್ತಿದ್ದರು. ಪಕ್ಕದಲ್ಲಿ ಕಲ್ಲಿನ ಕೆಳಗೆ ಎರಡು ಕಾಗದ, ಒಂದು ಒರಟು, ಒಂದು ಬಿಳುಪು. ಗಂಜಿ ಒಲೆಯ ಪಕ್ಕ ಇದೆ, ಹೋಗಿ ಬಗ್ಗಿಸಿಕೋ ಎಂದು ತಲೆಯೆತ್ತದೆಯೇ ಹೇಳಿದರು. ನಾನು ಬಗ್ಗಿಸಿಕೊಂಡು ಬಂದೆ. ಬಾಚಣಿಗೆಯನ್ನು ಬೆಳಕಿಗೆ ಹಿಡಿದು ನೋಡುತ್ತ, ನನಗೆ ಹೇಳಿದರೋ ಬಾಚಣಿಗೆಗೆ ಹೇಳಿದರೋ ತಿಳಿಯದ ಹಾಗೆ ಅಂದರು:

“ಪಾಪಾ ಎರಡು ಪತ್ರಿಕೆ ತಂದ್ಳು ಮಾ. ಒಂದು ನಂಗೆ, ಒಂದು ಹೇನಿಗೆ. ಅರಿಶಿಣ ಮಾತ್ರ ಹೇನಿಗೇ ಚೆನ್ನಾಗಿ ಹಚ್ಚಿದೀರ.”